ವರ್ಷಕ್ಕೊಂದು ಅಧಿಕ ಮಾಸ

ಅಮ್ಮನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ಸಿಲಿಂಡರ್ ಬಂದ ದಿನ ಇವುಗಳ ನಡುವೆ ಕೆಂಪು ಶಾಯಿಯ ಒಂದು ಸುತ್ತು ಇರುತ್ತದೆ. ಅದು ರೀಚಾರ್ಜಿನ ದಿನ. ಒಮ್ಮೆ ಮರೆತು ಫೋನು ಮೂಕಾದ ಮೇಲೆ ಶುರುವಾದ ಪದ್ಧತಿ. ‘ಹೋದ ತಿಂಗಳು ಐದಕ್ಕೆ ಹಾಕಿಸಿದ್ದು, ಈ ತಿಂಗಳು ಎರಡಕ್ಕೇ ಹಾಕಿಸ್ಬೇಕಂತಲ್ಲೋ?’ ಎಂದು ಆಕೆ ಕೇಳಿದಾಗ ನಾನು ಲೆಕ್ಕಕ್ಕೆ ಕೂತೆ.

ಚಾಂದ್ರಮಾನದ ತಿಂಗಳಿಗೂ ಇಪ್ಪತ್ತೊಂಬತ್ತೂವರೆ ದಿನ ಉಂಟು. ಮೊಬೈಲ್ ಕಂಪನಿಗಳ ತಿಂಗಳಿಗೆ 28 ದಿನ. ಹನ್ನೆರಡು ಸಲ ಹಾಕಿಸಿದರೆ 336 ದಿನವಷ್ಟೇ. ವರ್ಷ ತುಂಬಲು ಹದಿಮೂರನೆಯದು ಬೇಕು. ಪಂಚಾಂಗದ ಅಧಿಕ ಮಾಸ ಎರಡೂವರೆ ಮೂರು ವರ್ಷಕ್ಕೊಮ್ಮೆ ಬಂದರೆ, ಇವರದು ಪ್ರತಿ ವರ್ಷ. ದೂರು ಹೆಚ್ಚಿದ ಮೇಲೆ 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 30 ದಿನದ ಪ್ಲಾನುಗಳನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಲಾನುಗಳನ್ನೂ ಒಂದೊಂದಾದರೂ ಇಡಲೇಬೇಕು ಎಂದಿತು. ಇಟ್ಟರು. ಆದರೆ ಅಂಗಡಿಯವನ ಬಾಯಲ್ಲಿ ಮೊದಲು ಬರುವುದು ಈಗಲೂ ‘ಇಪ್ಪತ್ತೆಂಟು ದಿನದ್ದು ಹಾಕ್ಲಾ?’

ಅಮ್ಮನಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ. ಮೊಮ್ಮಗಳ ನಾಲ್ಕು ಫೋಟೊ ನೋಡಿದರೆ ಆಕೆಯ ಇಂಟರ್ನೆಟ್ ಕೆಲಸ ಮುಗಿಯಿತು. ಹಾಲು ಉಳಿದರೆ ಹೆಪ್ಪು ಹಾಕಬಹುದು. ಡೇಟಾ ಉಳಿದರೆ ರಾತ್ರಿ ಹನ್ನೆರಡಕ್ಕೆ ಚೆಲ್ಲಿಹೋಗುತ್ತದೆ. ಡೇಟಾ ಬೇಡದವರಿಗೆ ಬರೀ ಮಾತು, ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಿ ಎಂದು ಟ್ರಾಯ್ ಹೇಳಿದ್ದು 2024ರ ಡಿಸೆಂಬರಿನಲ್ಲಿ. ಕಾಲ್ ಡ್ರಾಪ್ ಆದರೆ ಒಂದು ರೂಪಾಯಿ ಪರಿಹಾರ ಕೊಡಿ ಎಂದೂ ಹಿಂದೊಮ್ಮೆ ಹೇಳಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮೂರ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ, ಡ್ರಾಪ್ ಆಗಲು ಕಾಲ್ ಹೋದರೆ ತಾನೆ!

ಇನ್ನು ಫೋನು ತಯಾರಿಸುವವರ ಕಥೆ. ಅಮ್ಮನ ಮೂರು ವರ್ಷದ ಫೋನಿಗೆ ಬ್ಯಾಟರಿ ಬದಲಿಸಲು ಹೋದೆ. ಹಿಂದೆ ಉಗುರಿನಲ್ಲಿ ಮುಚ್ಚಳ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ರಿಪೇರಿ ಹುಡುಗ ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿಗೆ ತೂರಿಸಿ ಮೆಲ್ಲಗೆ ಎಳೆದ. ಗೋಂದು ಹಲಸಿನ ಮೇಣದಂತೆ ಎಳೆಎಳೆಯಾಗಿ ಬಂತು. ‘ಒರಿಜಿನಲ್ ಸಿಗಲ್ಲ ಸರ್, ಲೋಕಲ್ ಹಾಕ್ಲಾ? ಇಲ್ಲಾಂದ್ರೆ ಹೊಸ ಸೆಟ್ಟೇ ತಗೊಳ್ಳಿ.’

ಈ ಮಾತನ್ನು ತಪ್ಪಿಸಲಿಕ್ಕೆಂದೇ ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ನಿಯಮ ತಂದಿದೆ: ಮಾಡೆಲ್ ಮಾರುಕಟ್ಟೆಯಿಂದ ಹೋದ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಕಸುವು ಉಳಿಸಿಕೊಂಡಿರಬೇಕು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಅದು ಮಾಹಿತಿ ಕೊಡುತ್ತದೆ, ಬ್ಯಾಟರಿ ಕೊಡಿಸುವುದಿಲ್ಲ. ಏಳು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತೇವೆಂದು ಗೂಗಲ್, ಸ್ಯಾಮ್‌ಸಂಗ್ 2023-24ರಲ್ಲಿ ಮಾತು ಕೊಟ್ಟದ್ದೂ ದುಬಾರಿ ಫೋನುಗಳಿಗೆ. ಹತ್ತು ಸಾವಿರದ ಫೋನಿನವರೇ ಅದನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದು ಎಂಬುದು ಯಾರಿಗೂ ಹೊಳೆಯಲಿಲ್ಲವೇನೋ.

ಲೋಕಲ್ ಬ್ಯಾಟರಿಯನ್ನೇ ಹಾಕಿಸಿದೆ. ಸಂಜೆ ಅಮ್ಮ ಫೋನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಈ ತಿಂಗಳ ಹಾಳೆಯಲ್ಲಿ ಕೆಂಪು ಸುತ್ತು ಎರಡು: 2ಕ್ಕೊಂದು, 30ಕ್ಕೊಂದು.