ಕಾಗದದಲ್ಲಿ ಕಟ್ಟುವ ಮರುತ್

ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಮುಂಬಯಿಗರೆಲ್ಲ ಅಲ್ಲಿನ ಉದ್ಯಾನದಲ್ಲಿ ನಿಂತಿರುವ ಜೆಟ್ ಯುದ್ಧವಿಮಾನವನ್ನು ನೋಡಿರುತ್ತಾರೆ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಬಾಲದ ತುದಿಯಲ್ಲಿ ಅಕ್ಕಪಕ್ಕ ಕೂತ ಎರಡು ಕೊಳವೆ. ಹೆಚ್ಚಿನವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದಿನ ಆಟಿಕೆಯತ್ತ ಓಡುತ್ತಾರೆ. ಅದು ಎಚ್‌ಎಫ್-24 ಮರುತ್. ಭಾರತದಲ್ಲೇ ವಿನ್ಯಾಸಗೊಂಡು, ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ, ಹುಟ್ಟಿದ್ದು ಬೆಂಗಳೂರಿನಲ್ಲಿ. ಇಂಥದ್ದೇ ಇನ್ನೊಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಈ ವಿಮಾನವನ್ನು ನಿಜವಾಗಿ ನೋಡಬೇಕೆಂದಿದ್ದರೆ ಅದನ್ನೊಮ್ಮೆ ಕಾಗದದಲ್ಲಿ ಕಟ್ಟಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಕಾಗದದ ಮಾದರಿ ಎಂದರೆ ಶಾಲೆಯಲ್ಲಿ ಮಡಚಿ ಹಾರಿಸುವ ರಾಕೆಟ್ ಅಲ್ಲ. ಇದು ಹಾರುವುದಿಲ್ಲ. ನಿಜವಾದ ವಿಮಾನವನ್ನು ಒಂದು ನಿಗದಿತ ಪ್ರಮಾಣಕ್ಕೆ ಕುಗ್ಗಿಸಿ, ಅದರ ಮೈಯ ಪ್ರತಿಯೊಂದು ಭಾಗವನ್ನೂ ಚಪ್ಪಟೆ ನಕ್ಷೆಯಾಗಿ ಬಿಡಿಸಿ, ಮುದ್ರಿಸಿ, ಕತ್ತರಿಸಿ, ಸುರುಳಿ ಸುತ್ತಿ, ಅಂಟಿಸಿ ಮತ್ತೆ ಒಡಲಾಗಿ ನಿಲ್ಲಿಸುವ ಕಸುಬು. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಕತ್ತರಿಸಿ ಅಂಟಿಸುವ ಹಾಳೆಗಳು ಅಚ್ಚಾಗುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲೋಹವೂ ಬಾಲ್ಸಾ ಮರವೂ ಯುದ್ಧದ ಕೆಲಸಕ್ಕೆ ಹೋದಾಗ ಇಂಗ್ಲೆಂಡ್, ಅಮೆರಿಕಗಳ ಮಕ್ಕಳ ಕೈಗೆ ಉಳಿದದ್ದು ಕಾಗದ. ಇಂಗ್ಲೆಂಡಿನ ‘ಮೈಕ್ರೊಮಾಡೆಲ್ಸ್’ ಅಂಚೆ ಕಾರ್ಡಿನ ಗಾತ್ರದ ಹಾಳೆಗಳಲ್ಲಿ ವಿಮಾನ, ಹಡಗು, ರೈಲುಗಳನ್ನು ಮಾರಿತು. 1957ರಲ್ಲಿ ಪೋಲೆಂಡಿನಲ್ಲಿ ‘ಮಾವಿ ಮೊಡೆಲಾಶ್’ ಎಂಬ ಪತ್ರಿಕೆ ಶುರುವಾಯಿತು. ಸಂಚಿಕೆಯೆಂದರೆ ಒಂದು ಮಾದರಿಯ ಬಿಡಿಭಾಗಗಳ ಹಾಳೆಗಳು, ಅಷ್ಟೇ. ಅದರ ವಿಮಾನಗಳು ಹೆಚ್ಚಾಗಿ 1:33ರ ಪ್ರಮಾಣದಲ್ಲಿ ಬಂದದ್ದರಿಂದ ಕಾಗದದ ವಿಮಾನಗಳಿಗೆ ಇಂದಿಗೂ ಜಗತ್ತಿನಲ್ಲೆಲ್ಲ ಅದೇ ಅಳತೆ ರೂಢಿಯಲ್ಲಿದೆ.

ಆ ಲೆಕ್ಕವನ್ನು ಮರುತ್‌ಗೆ ಹಾಕಿ ನೋಡೋಣ. ನಿಜವಾದ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. 1:33ರಲ್ಲಿ ಅದು 48 ಸೆಂಟಿಮೀಟರ್ ಉದ್ದ, 27 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಎತ್ತರದ ವಸ್ತು. ಪುಸ್ತಕದ ಕಪಾಟಿನ ಒಂದು ಅರೆ ಸಾಕು. ಪ್ಲಾಸ್ಟಿಕ್ ಮಾದರಿಗಳಲ್ಲಿ ಬಳಕೆಯಲ್ಲಿರುವ 1:72ಕ್ಕೆ ಇಳಿಸಿದರೆ ಉದ್ದ 22 ಸೆಂಟಿಮೀಟರ್ ಆಗುತ್ತದೆ. ಆದರೆ ಅಷ್ಟು ಚಿಕ್ಕದಕ್ಕೆ ಸುತ್ತುವಾಗ ಕಾಗದ ಮಾತು ಕೇಳುವುದಿಲ್ಲ. 1:33ರಲ್ಲಿ ಕತ್ತರಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ ಮೂರು ಸೆಂಟಿಮೀಟರಿಗೂ ಮೀರಿದ ಬಿರುಕು ಬಿಟ್ಟಂತೆ. ಈ ಲೆಕ್ಕ ತಲೆಯಲ್ಲಿದ್ದರೆ ಕೈ ತಾನಾಗಿಯೇ ನಿಧಾನವಾಗುತ್ತದೆ.

ಇನ್ನು ಕಾಗದದ ಸ್ವಭಾವ. ಚೌಪಾಟಿಯ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಚಪ್ಪಟೆ ಕಾಗದ, ಸುತ್ತಿದರೆ ಶಂಕು. ಕೊಳವೆಯೂ ಹಾಗೆಯೇ. ಆದರೆ ಚೆಂಡಿನ ಮೈಯನ್ನು ಹಾಗೆ ಬಿಚ್ಚಲು ಬರುವುದಿಲ್ಲ. ಎರಡು ದಿಕ್ಕಿನಲ್ಲೂ ಬಾಗಿದ ಮೈಯನ್ನು ಹರಿಯದೆ, ಹಿಗ್ಗಿಸದೆ ಚಪ್ಪಟೆ ಮಾಡುವುದು ಅಸಾಧ್ಯವೆಂದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ತೋರಿಸಿಕೊಟ್ಟ. ಅಲ್ಯೂಮಿನಿಯಂ ತಗಡನ್ನು ಒತ್ತುಯಂತ್ರದಲ್ಲಿ ಹಿಗ್ಗಿಸಬಹುದು, ಕಾಗದ ಹಿಗ್ಗುವುದಿಲ್ಲ. ಹಾಗಾಗಿ ಕಾಗದದ ಕಸುಬೆಲ್ಲ ದುಂಡಗಿನ ಮೈಯನ್ನು ಎಷ್ಟು ಶಂಕು, ಎಷ್ಟು ಕೊಳವೆ, ಎಷ್ಟು ಎಸಳುಗಳಾಗಿ ಒಡೆಯಬೇಕೆಂಬ ವಿವೇಕದಲ್ಲಿದೆ.

ಮರುತ್ ಇಲ್ಲಿಯೇ ತನ್ನ ಸೊಬಗನ್ನು ತೋರಿಸುವುದು. ಅದರ ಮೂತಿ ನೀಳವಾದ ಶಂಕು. ನಾಲ್ಕು ತುಂಡಿನಲ್ಲಿ ಕೂರುತ್ತದೆ. ಪೈಲಟ್ ಕೂರುವ ಜಾಗದ ಇಕ್ಕೆಲದಲ್ಲಿ ಗಾಳಿ ಒಳಸೇರುವ ಅರ್ಧವೃತ್ತದ ಬಾಯಿಗಳು, ಒಂದೊಂದರ ನಡುವೆಯೂ ಒಂದು ಅರ್ಧಶಂಕು. ಅಲ್ಲಿಂದ ಹಿಂದೆ ರೆಕ್ಕೆ ಕೂಡುವಲ್ಲಿ ಒಡಲು ಸೊಂಟದಂತೆ ಸಣ್ಣಗಾಗಿ ಮತ್ತೆ ತುಂಬಿಕೊಳ್ಳುತ್ತದೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಶಬ್ದದ ವೇಗದ ಹತ್ತಿರಕ್ಕೆ ಬಂದಾಗ ವಿಮಾನದ ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ಏಕಾಏಕಿ ಏರಿಳಿಯಬಾರದು, ಏರಿಳಿದರೆ ಗಾಳಿಯ ಎಳೆತ ವಿಪರೀತವಾಗುತ್ತದೆ ಎಂದು ಅಮೆರಿಕದ ರಿಚರ್ಡ್ ವಿಟ್‌ಕಾಂಬ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡಿದ್ದ. ರೆಕ್ಕೆ ವಿಸ್ತೀರ್ಣ ಕೂಡಿಸಿದಲ್ಲಿ ಒಡಲು ಅಷ್ಟನ್ನು ಕಳೆದುಕೊಳ್ಳಬೇಕು. ಓದಿದಾಗ ಒಣ ಸೂತ್ರ. ಆದರೆ ಒಡಲಿನ ಒಳಗಿಡುವ ರಟ್ಟಿನ ಅಡ್ಡಬಿಲ್ಲೆಗಳನ್ನು ಒಂದೊಂದಾಗಿ ಕತ್ತರಿಸಿ ಮೇಜಿನ ಮೇಲೆ ಸಾಲಾಗಿಟ್ಟಾಗ, ನಡುವಿನವು ಚಿಕ್ಕದಾಗುತ್ತಾ ಹೋಗಿ ಮತ್ತೆ ದೊಡ್ಡದಾಗುವುದು ಕಣ್ಣಿಗೇ ಕಾಣುತ್ತದೆ. ಸೊಂಟದ ಭಾಗ ಎರಡೂ ದಿಕ್ಕಿಗೆ ಬಾಗಿದ ಮೈಯಾದ್ದರಿಂದ ಅದನ್ನು ಸಣ್ಣ ಸಣ್ಣ ಶಂಕುಬಳೆಗಳಾಗಿ ಒಡೆದು ಜೋಡಿಸಬೇಕು. ಬಳೆ ಕಿರಿದಾದಷ್ಟೂ ಆಕಾರ ನಿಜಕ್ಕೆ ಹತ್ತಿರ, ಕೆಲಸವೂ ಅಷ್ಟೇ ಹೆಚ್ಚು.

ಈ ಆಕಾರ ಬರೆದವರು ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಹಾರಿಸಿದ ಫೊಕೆವುಲ್ಫ್-190 ವಿಮಾನವನ್ನು ರೂಪಿಸಿದವರು, ಯುದ್ಧದ ಬಳಿಕ ಅರ್ಜೆಂಟೀನಾದಲ್ಲಿ ಕೆಲಸ ಮಾಡಿ, 1956ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಆ ಕಾರ್ಖಾನೆಯ ಹುಟ್ಟಿನಲ್ಲೂ ಮುಂಬಯಿಯ ಪಾಲಿದೆ. 1940ರ ಡಿಸೆಂಬರ್ 23ರಂದು ಅದನ್ನು ಸ್ಥಾಪಿಸಿದ್ದು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಜಾಗ ಕೊಟ್ಟು ಬಂಡವಾಳದಲ್ಲಿ ಕೈಜೋಡಿಸಿದ್ದು ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ. ವರ್ಲಿಯಲ್ಲಿ ಮರುತ್ ನಿಂತಿರುವುದನ್ನು ನೋಡಿದಾಗಲೆಲ್ಲ ನನಗೆ ಈ ನಂಟು ನೆನಪಾಗಿ ಸಂತೋಷವಾಗುತ್ತದೆ.

ಮಾದರಿ ಕಟ್ಟುವವರು ತಪ್ಪದೆ ತಿಳಿದಿರಬೇಕಾದ ಸಂಗತಿಯೊಂದಿದೆ. ಮರುತ್ ಲೋಹಕ್ಕೆ ಬರುವ ಮೊದಲು ಮರದಲ್ಲಿತ್ತು. ಎಂಜಿನ್ ಇಲ್ಲದ, ಪೂರ್ಣ ಗಾತ್ರದ ಗ್ಲೈಡರ್ ಒಂದನ್ನು ಎಕ್ಸ್-241 ಎಂಬ ಹೆಸರಿನಲ್ಲಿ ಕಟ್ಟಿ, ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆ ಎಳೆಸಿ, 1959ರಿಂದ ಬೆಂಗಳೂರಿನ ಆಕಾಶದಲ್ಲಿ ಪರೀಕ್ಷಿಸಿದರು. ಅಂಥ 78 ಹಾರಾಟಗಳು ನಡೆದವು. ಬಲಕ್ಕಿಂತ ಮೊದಲು ಆಕಾರ ಸರಿಯಿದೆಯೇ ಎಂದು ಕೇಳುವ ಕ್ರಮ ಅದು. ಕಾಗದದ ಮಾದರಿ ಕೇಳುವುದೂ ಆ ಒಂದೇ ಪ್ರಶ್ನೆಯನ್ನು.

1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಲೋಹದ ಮರುತ್ ಅನ್ನು ಮೊದಲ ಬಾರಿಗೆ ಹಾರಿಸಿದರು. ಶಬ್ದದ ಎರಡರಷ್ಟು ವೇಗಕ್ಕೆಂದು ಕನಸಿದ್ದ ವಿಮಾನಕ್ಕೆ ತಕ್ಕ ಎಂಜಿನ್ ಮಾತ್ರ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಬೆಳೆಯಬೇಕಿದ್ದ ಬಲವಾದ ಆರ್ಫಿಯಸ್ ಎಂಜಿನ್ ಹಣ ಹಾಕುವವರಿಲ್ಲದೆ ನಿಂತಿತು. ಕೊನೆಗೆ ಎರಡು ಆರ್ಫಿಯಸ್-703 ಎಂಜಿನ್‌ಗಳನ್ನೇ ಹೊತ್ತು ಅದು ಶಬ್ದದ ವೇಗದ ಹೊಸ್ತಿಲಲ್ಲೇ ಉಳಿಯಿತು. ಹೆಚ್ಚಿನ ಬಲದ ಎಂಜಿನ್ ಅಳವಡಿಸಿದ ಮಾದರಿಯನ್ನು ಪರೀಕ್ಷಿಸುತ್ತಲೇ, 1970ರ ಜನವರಿ 10ರಂದು ದಾಸ್ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಅಲ್ಲಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಒಟ್ಟು 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ 10 ಮತ್ತು 220ನೆಯ ಸ್ಕ್ವಾಡ್ರನ್‌ಗಳು ರಾಜಸ್ಥಾನದ ಮರಳುಗಾಡಿನ ಕಡೆ ಅವನ್ನು ದುಡಿಸಿಕೊಂಡವು. ಆಕಾಶದಲ್ಲಿ ವಿಮಾನಕ್ಕೆ ವಿಮಾನ ಎದುರಾದ ಕಾಳಗದಲ್ಲಿ ಒಂದೂ ಮರುತ್ ಉರುಳಲಿಲ್ಲ. ಆದರೂ ಜನ ನೆನಪಿಟ್ಟಿರುವುದು ಅದರ ಎಂಜಿನ್ನಿನ ಕೊರತೆಯನ್ನು. ಕಾಗದದಲ್ಲಿ ಕಟ್ಟುವಾಗ ಎಂಜಿನ್ನಿನ ಪ್ರಶ್ನೆಯೇ ಬರುವುದಿಲ್ಲ. ಯಾರೂ ತಪ್ಪೆಣಿಸಲಾಗದ ಆ ಆಕಾರವೊಂದೇ ಕೈಗೆ ಸಿಗುತ್ತದೆ.

ಈಗ ಮೇಜಿಗೆ ಬರೋಣ. ಹೊರಮೈಗೆ 160ರಿಂದ 200 ಜಿಎಸ್‌ಎಂ ಕಾಗದ, ಒಳಗಿನ ಅಡ್ಡಬಿಲ್ಲೆಗಳಿಗೆ ಒಂದು ಮಿಲಿಮೀಟರ್ ರಟ್ಟು. ಚೂಪಾದ ಬ್ಲೇಡು, ಉಕ್ಕಿನ ಅಳತೆಪಟ್ಟಿ, ಗೀರು ಹಾಕಲು ಬರೆಯದ ಬಾಲ್‌ಪೆನ್, ಸುತ್ತಲು ಹೆಣಿಗೆಯ ಸೂಜಿ. ಅಂಟಿಗೆ ಮುಂಬಯಿಯ ಕಂಪನಿಯದೇ ಆದ ಫೆವಿಕಾಲ್ ಸಾಕು, ಆದರೆ ಡಬ್ಬಿಯಿಂದ ನೇರ ಹಚ್ಚಬಾರದು. ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು, ಅಂಚಿಗೆ ತೆಳುವಾಗಿ ಸವರಿ, ಅರ್ಧ ಆರಿದ ಮೇಲೆ ಒತ್ತಬೇಕು. ಅಂಟಿನಲ್ಲಿರುವ ನೀರೇ ಕಾಗದದ ಮೊದಲ ಶತ್ರು.

ಕಾಗದಕ್ಕೊಂದು ಎಳೆ ಇದೆ. ಯಂತ್ರದಲ್ಲಿ ತಯಾರಾಗುವಾಗ ನಾರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಒಂದೇ ಹಾಳೆಯಿಂದ ಉದ್ದಕ್ಕೊಂದು ಅಡ್ಡಕ್ಕೊಂದು ಸಮಾನ ಪಟ್ಟಿ ಕತ್ತರಿಸಿ ತುದಿ ಹಿಡಿದರೆ ಒಂದು ಹೆಚ್ಚು ಜೋಲುತ್ತದೆ. ಅದು ಎಳೆಗೆ ಅಡ್ಡವಾಗಿ ಕತ್ತರಿಸಿದ್ದು. ಕೊಳವೆ ಸುತ್ತುವಾಗ ಎಳೆ ಕೊಳವೆಯ ಉದ್ದಕ್ಕೆ ಓಡಬೇಕು. ಅಡ್ಡ ಬಂದರೆ ದುಂಡನೆಯ ಮೈಯಲ್ಲಿ ಮುರಿದ ಗೆರೆಗಳು ಏಳುತ್ತವೆ, ಅವನ್ನು ಆಮೇಲೆ ಅಳಿಸಲಾಗದು. ಕಾಗದಕ್ಕೆ ದಪ್ಪವೂ ಇದೆಯೆಂದು ಮರೆಯುವವರು ಬಹಳ. 0.2 ಮಿಲಿಮೀಟರ್ ದಪ್ಪದ ಕಾಗದವನ್ನು ಕೊಳವೆ ಮಾಡಿದರೆ ಅದರ ಒಳಸುತ್ತಳತೆ ಹೊರಸುತ್ತಳತೆಗಿಂತ ಸುಮಾರು 1.25 ಮಿಲಿಮೀಟರ್ ಕಡಿಮೆ. ಅಡ್ಡಬಿಲ್ಲೆಯ ಸುತ್ತಳತೆ ಅಷ್ಟು ಕಡಿಮೆಯಾಗುವಂತೆ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜದಿದ್ದರೆ ಒಡಲಿನ ಹೊಲಿಗೆ ಕೂಡುವುದೇ ಇಲ್ಲ.

ಮುಂಬಯಿಯಲ್ಲಿ ಈ ಕಸುಬಿಗೆ ಬೇಕಾದದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿದೆ. ಕ್ರಾಫರ್ಡ್ ಮಾರುಕಟ್ಟೆ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಸ್ಟೇಷನರಿಯ ಸಗಟು ಪೇಟೆ. ರಟ್ಟು, ಬ್ಲೇಡು, ಅಂಟು ಅಲ್ಲಿ. ಮೊದಮೊದಲ ಮರುತ್‌ಗಳ ಹೊಳೆಯುವ ಲೋಹದ ಮೈ ಬೇಕೆನ್ನುವವರು ಬೆಳ್ಳಿಬಣ್ಣದ ಕಾಗದಕ್ಕೆ ಗಿರಗಾಂವ್‌ನ ಖಾಡಿಲ್ಕರ್ ರಸ್ತೆಯ ಮದುವೆ ಕಾಗದದ ಅಂಗಡಿಗಳಲ್ಲಿ ಹುಡುಕಬೇಕು. ಅದಕ್ಕಿಂತ ಮುಖ್ಯವಾದುದು ಈ ಊರಿನ ಮನೆಗಳು. ಡೊಂಬಿವಲಿಯ, ಮೀರಾ ರೋಡಿನ ಒಂದು ಕೋಣೆ–ಅಡುಗೆಮನೆಯ ಸಂಸಾರದಲ್ಲಿ ಮರ ಕೊಯ್ಯುವ ಧೂಳಿಗೆ, ಪ್ಲಾಸ್ಟಿಕ್ ಮಾದರಿಯ ಥಿನ್ನರ್ ವಾಸನೆಗೆ ಎಡೆಯಿಲ್ಲ. ಕಾಗದಕ್ಕೆ ಊಟದ ಮೇಜಿನ ಒಂದು ಮೂಲೆ ಸಾಕು. ಊಟದ ಹೊತ್ತಿಗೆ ಎಲ್ಲವನ್ನೂ ಒಂದು ಸಿಹಿತಿಂಡಿ ಡಬ್ಬಿಗೆ ತುಂಬಿ ಎತ್ತಿಡಬಹುದು.

ಕಷ್ಟ ಕೊಡುವುದು ಮಳೆಗಾಲ. ತೇವ ಹೀರಿದ ಕಾಗದ ಎಳೆಯ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಬೆಳೆಯುತ್ತದೆ. ಜನವರಿಯಲ್ಲಿ ಕತ್ತರಿಸಿಟ್ಟ ಬಳೆ ಜುಲೈಯಲ್ಲಿ ಕತ್ತರಿಸಿದ ಬಳೆಗೆ ಹೊಂದದೆ ಹೋಗುವುದು ಹೀಗೆ. ಇಂಕ್‌ಜೆಟ್ ಬಣ್ಣ ಬೆರಳಿನ ಬೆವರಿಗೇ ಹರಡುತ್ತದೆ; ಲೇಸರ್ ಬಣ್ಣ ಹರಡದು, ಆದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮುದ್ರಿಸಿದ ಹಾಳೆಗೆ ಮೊದಲೇ ತೆಳು ವಾರ್ನಿಶ್ ಸಿಂಪಡಿಸಬೇಕು, ಒಂದು ಭಾಗಕ್ಕೆ ಸೇರಿದ ತುಂಡುಗಳನ್ನೆಲ್ಲ ಒಂದೇ ದಿನ ಕತ್ತರಿಸಿ ಅಂಟಿಸಬೇಕು, ಉಳಿದದ್ದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಬೇಕು. ಕತ್ತರಿಸಿದ ಅಂಚಿನ ಬಿಳುಪನ್ನು ಜಲವರ್ಣದಿಂದ ಮುಚ್ಚುವುದನ್ನು ಬಿಡಬಾರದು. ಅದೊಂದು ಬಿಳಿಗೆರೆ ಉಳಿದರೆ ಇಡೀ ಕೆಲಸ ಆಟಿಕೆಯಂತೆ ಕಾಣುತ್ತದೆ. ವಾಯುಪಡೆಯ ವೃತ್ತಚಿಹ್ನೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ತಿರುವುಮುರುವು ಮಾಡಿದ ಮಾದರಿಗಳು ಎಷ್ಟೋ ಕಣ್ಣಿಗೆ ಬೀಳುತ್ತವೆ.

ಈ ಊರಿನ ಸಮುದ್ರದ ಗಾಳಿಗೆ ಲೋಹವೂ ಬಹುಕಾಲ ಬಾಳದು. ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ 2001ರಿಂದ ಹಲವು ವರ್ಷ ಇಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿತ್ತು, 2014ರಲ್ಲಿ ದಾರುಖಾನಾದಲ್ಲಿ ಅದನ್ನು ಒಡೆಯತೊಡಗಿದರು. ಅಳತೆಗೆ ನಿಷ್ಠವಾದ ಮಾದರಿಗಳು ಮನೆಮನೆಯಲ್ಲಿ ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ವಡಾಲಾ, ಮಾಟುಂಗಾ, ಚೆಂಬೂರುಗಳ ನಮ್ಮ ಕನ್ನಡ ಶಾಲೆ–ಸಂಘಗಳು ರಜೆಯ ಶಿಬಿರಗಳಲ್ಲಿ ಇದನ್ನು ಕಲಿಸಲಿ. ಶಂಕುವಿನ ಮೇಲ್ಮೈ ವಿಸ್ತೀರ್ಣದ ಪಾಠ ಕಷ್ಟವೆನ್ನುವ ಮಗು ಒಂದು ಮೂತಿ ಸುತ್ತಿದರೆ ಆ ಪಾಠವನ್ನು ಮತ್ತೆ ಮರೆಯುವುದಿಲ್ಲ.

ಹೊಸಬರು ಮರುತ್‌ನಿಂದಲೇ ಆರಂಭಿಸಬೇಕಿಲ್ಲ. ಅದೇ ಬೆಂಗಳೂರು ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ರೂಪಿಸಿದ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನವಿದೆ. ನೆಟ್ಟನೆಯ ರೆಕ್ಕೆ, ಸರಳ ಒಡಲು, ಒಳಗೆ ಮಡಚಿಕೊಳ್ಳುವ ಚಕ್ರಗಳ ರಗಳೆಯಿಲ್ಲ. 1:33ರಲ್ಲಿ ಉದ್ದ 23 ಸೆಂಟಿಮೀಟರ್, ರೆಕ್ಕೆ 32 ಸೆಂಟಿಮೀಟರ್. ಒಳಗೆ ಒಂದು ಉದ್ದದ ಬೆನ್ನುಪಟ್ಟಿ, ಆರೇಳು ಅಡ್ಡಬಿಲ್ಲೆ ಸಾಕು. ಮುಂದಿನ ಪ್ರೊಪೆಲ್ಲರ್‌ಗೆ ಮಾತ್ರ ಮೂರು ಪದರ ಕಾಗದ ಅಂಟಿಸಿ, ಅಂಟು ಒಣಗುವ ಮೊದಲೇ ಅಲಗುಗಳಿಗೆ ತಿರುವು ಕೊಟ್ಟು ರಾತ್ರಿಯಿಡೀ ಬಿಡಿ. ಒಣಗಿದ ಮೇಲೆ ತಿರುಚಲು ಹೋದರೆ ಪದರಗಳು ಬಿಟ್ಟುಕೊಳ್ಳುತ್ತವೆ.