ಬೋಟ್ ಕ್ಯಾಬಿನ್ ಸೀಲಿಂಗ್‌ಗೆ ಯಾವ ಶೀಟ್ ಒಳ್ಳೇದು? ಹಾಕಿಸೋ ಮೊದಲು ಇಷ್ಟು ನೋಡಿ

ಮಲ್ಪೆ: ಯಾಂತ್ರೀಕೃತ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಹೆಚ್ಚಿನವರು ರಿಪೇರಿ ಮಾಡಿಸುವುದು ಈ 61 ದಿನದಲ್ಲೇ. ಸಣ್ಣ ಬೋಟ್‌ನ ಕ್ಯಾಬಿನ್ ಸೀಲಿಂಗ್ ಬದಲಿಸುವವರು ಅಂದಕ್ಕಿಂತ ಮೊದಲು ನೀರಿನ ಕಡೆ ಗಮನ ಕೊಡಬೇಕು.

ನೀರು ಎಲ್ಲಿಂದ?
ಬೋಲ್ಟ್ ತೂತಿನಿಂದ ಸೋರಿದರೆ ಸಾಮಾನ್ಯವಾಗಿ ಒಂದೇ ಕಡೆ ಕಲೆ ಬೀಳುತ್ತದೆ. ಬೆಳಗಿನ ಜಾವ ಇಡೀ ಸೀಲಿಂಗ್ ಬೆವತಿದ್ದರೆ ಅದು ಮಲಗಿದವರ ಉಸಿರು, ಅಡುಗೆಯ ಹಬೆ ತಣ್ಣಗಿನ ಚಾವಣಿಗೆ ತಾಗಿ ನೀರಾಗಿದ್ದು. ಅದಕ್ಕೆ ಶೀಟ್ ಬದಲಿಸಿದರೆ ಸಾಲದು, ಗಾಳಿಕಿಂಡಿ ಬೇಕು.

ಯಾವುದು ಹೇಗೆ?
ಸಾದಾ ಪ್ಲೈವುಡ್ ಅಗ್ಗ. ಆದ್ರೆ ಅಂಚಿನಿಂದ ನೀರು ಕುಡಿದು ಪದರ ಬಿಡುತ್ತದೆ. ಪ್ಲೈವುಡ್ಡೇ ಬೇಕಾದ್ರೆ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ, ಕತ್ತರಿಸಿದ ಅಂಚಿಗೆ ಎಪಾಕ್ಸಿ ಹೊಡೆಸಿ.

ಸ್ಪಂಜ್ ಇರುವ ರೆಕ್ಸಿನ್ ನೋಡೋಕೆ ಚೆಂದ. ಕೆಲವು ವರ್ಷದಲ್ಲಿ ಸ್ಪಂಜ್ ಪುಡಿಯಾಗಿ ರೆಕ್ಸಿನ್ ಜೋತು ಬೀಳುತ್ತದೆ.

ಪಿವಿಸಿ ಪಟ್ಟಿ ಹಗುರ, ಕೊಳೆಯೋದಿಲ್ಲ, ಒರೆಸಿದರೆ ಸಾಕು. ಆದರೆ ಬೆಂಕಿ ತಾಗಿದರೆ ವಿಷದ ಹೊಗೆ ಬಿಡುತ್ತದೆ. ಕಿರಿದಾದ ಕ್ಯಾಬಿನ್‌ನಲ್ಲಿ ಅದು ಜೀವಕ್ಕೇ ಅಪಾಯ. ಗ್ಯಾಸ್ ಒಲೆ ಮೇಲಿನ ಜಾಗಕ್ಕೆ ಪಿವಿಸಿ ಬಿಟ್ಟು ಸ್ಟೀಲ್ ತಗಡೇ ಹಾಕಿಸಿ.

ಕೂರಿಸುವಾಗ
ಅಂಟು ಬೇಡ. 316 ದರ್ಜೆಯ ಸ್ಟೀಲ್ ಸ್ಕ್ರೂ ಹಾಕಿದರೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯಲ್ಲ, ವೈರಿಂಗ್ ಕೆಟ್ಟರೆ ಬಿಚ್ಚಲೂಬಹುದು. ಚಾವಣಿ, ಶೀಟ್ ಮಧ್ಯೆ ಗಾಳಿಯಾಡಲು ಸಂದು ಬಿಡಿ.

ಮುಚ್ಚುವ ಮೊದಲು ಹಳೇ ಮರವನ್ನು ಚೂರಿಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಮೊದಲು ಅದನ್ನ ಸರಿ ಮಾಡಿಸಿ. ಹೊಸ ಶೀಟ್ ಬಂದ ಮೇಲೆ ಒಳಗಿನ ಕೊಳೆತ ಯಾರ ಕಣ್ಣಿಗೂ ಬೀಳಲ್ಲ.