ಗೋವಿನಜೋಳದ ದಿಂಡೂ ಪ್ರಯೋಗದ ಸರಕೇ!

ದೀಪಾವಳಿಯ ಆಸುಪಾಸಿನಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎತ್ತ ಹೊರಟರೂ ಕಣದ ತುಂಬ, ರಸ್ತೆಯಂಚಿನ ತುಂಬ ಗೋವಿನಜೋಳ. ಕಾಳು ಬಿಡಿಸಿದ ಮೇಲೆ ಉಳಿಯುವುದು ದಿಂಡಿನ ರಾಶಿ. ಒಂದಿಷ್ಟು ಒಲೆಗೆ, ಮಿಕ್ಕದ್ದಕ್ಕೆ ಕಣದ ಬದಿಯಲ್ಲೇ ಬೆಂಕಿ. ಈ ದಿಂಡು ಕೊಳೆ ನೀರನ್ನು ತಿಳಿಯಾಗಿಸಬಲ್ಲದು ಎಂದರೆ ನಂಬುತ್ತೀರಾ?

ಒಡಿಶಾದ ಕೊರಾಪುಟ್ ಜಿಲ್ಲೆಯ ದಾಮನ್‌ಜೋಡಿಯ ಶಾಲಾ ಬಾಲಕಿ ಲಲಿತಾ ಪ್ರಸಿದಾ ಇದನ್ನು ಮಾಡಿ ತೋರಿಸಿದಳು. ದಿಂಡಿನ ತುಂಡು, ಪುಡಿ, ಇದ್ದಿಲು, ಮರಳು ಇವುಗಳನ್ನು ಪದರ ಪದರವಾಗಿಟ್ಟು ಕೊಳಕು ನೀರು ಹರಿಸಿದ್ದಷ್ಟೇ ಆಕೆಯ ಉಪಾಯ. 2015ರ ಗೂಗಲ್ ವಿಜ್ಞಾನ ಮೇಳದಲ್ಲಿ 13ರ ಆ ಹುಡುಗಿಗೆ 10,000 ಡಾಲರ್ ಬಹುಮಾನ ಸಂದಿತು.

ಗುಟ್ಟೇನು? ದಿಂಡಿನ ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳು. ಬಣ್ಣ, ಎಣ್ಣೆ, ಸೋಪಿನ ಅಂಶ ಅವುಗಳ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಅಧಿಶೋಷಣೆ ಎಂದು ಹೆಸರು.

ವಿದ್ಯಾರ್ಥಿಗಳೇ, ನೀವೂ ಪರೀಕ್ಷಿಸಬಹುದು. ದಿಂಡಿನ ಪುಡಿಯನ್ನು ಅದರ ಸ್ವಂತ ಬಣ್ಣ ಹೋಗುವವರೆಗೆ ತೊಳೆದು ಒಣಗಿಸಿ. ತಳ ಕತ್ತರಿಸಿದ ಎರಡು ಬಾಟಲಿಗಳನ್ನು ತಲೆಕೆಳಗಾಗಿ ಕಟ್ಟಿ, ಬಾಯಿಗೆ ಬಟ್ಟೆ ಬಿಗಿಯಿರಿ. ಒಂದರಲ್ಲಿ ಬರೀ ಮರಳು, ಇನ್ನೊಂದರಲ್ಲಿ ಮರಳು ಮತ್ತು ಪುಡಿ. ಎರಡಕ್ಕೂ ಒಂದೇ ಅಳತೆಯ ಶಾಯಿ ನೀರು ಹಾಕಿ. ಇಳಿದ ನೀರಿನ ಬಣ್ಣ, ತಗುಲಿದ ಸಮಯ ಬರೆದಿಡಿ. ಮರಳಿನ ಬಾಟಲಿ ಇಲ್ಲದಿದ್ದರೆ ದಿಂಡು ಮಾಡಿದ ಕೆಲಸವೆಷ್ಟೆಂದು ಹೇಳಲಾಗದು. ಮುಂದೆ ಹಾನಗಲ್ಲಿನ ಆನಿಕೆರೆಯದೋ ಸವಣೂರಿನ ಮೋತಿ ತಲಾಬದ್ದೋ ನೀರನ್ನು, ದೊಡ್ಡವರ ಜೊತೆಗೆ ಹೋಗಿ ತಂದು ನೋಡಬಹುದು.

ಎರಡು ಎಚ್ಚರಿಕೆ. ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ. ರೋಗಾಣುಗಳು ಉಳಿದೇ ಇರುತ್ತವೆ. ಇನ್ನು, ನೀರು ಬಿಟ್ಟ ವಿಷ ಮಾಯವಾಗಿಲ್ಲ, ದಿಂಡಿನಲ್ಲಿ ಕುಳಿತಿದೆ. ಕೊಳಕು ಹೀರಿದ ಪುಡಿಯನ್ನು ಹೊಲಕ್ಕೆ ಎಸೆಯುವಂತಿಲ್ಲ, ದನದ ಮುಂದೆ ಹಾಕುವಂತಿಲ್ಲ. ಹಾಗಾದರೆ ಏನು ಮಾಡಬೇಕು? ಒಳ್ಳೆಯ ಸಂಶೋಧನೆ ಆರಂಭವಾಗುವುದೇ ಈ ಪ್ರಶ್ನೆಯಿಂದ.

1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಬಯಸಿದ್ದೂ ಇಂಥ ಊರಿನ ಪ್ರಶ್ನೆಗಳನ್ನೇ. ಅಲ್ಲಿಗೆ ಬೇಕಾದದ್ದು ಪೇಟೆಯಿಂದ ತಂದ ಮಿಂಚುವ ಮಾದರಿಯಲ್ಲ, ಮಕ್ಕಳೇ ಅಳೆದು ಬರೆದ ಲೆಕ್ಕ. ಪ್ರಯೋಗ ಸೋತರೂ ಆ ಲೆಕ್ಕಕ್ಕೆ ಬೆಲೆಯಿದೆ.

ಪಾಲಕರೇ, ಈ ಸಲ ಕಣದಲ್ಲಿ ಕಡ್ಡಿ ಗೀರುವ ಮುನ್ನ ಮಗಳು ಬಂದು ಹತ್ತು ದಿಂಡು ಕೇಳಿದರೆ, ಯಾಕೆಂದು ಗದರಬೇಡಿ. ಕೊಟ್ಟು, ಜೊತೆಗೆ ಕೂತು ನೋಡಿ.